ಶೀರ್ಷಿಕೆ ಕೊಡುವ ತೀರ್ಪು

2019ರ ಜುಲೈನಲ್ಲಿ ಕರ್ನಾಟಕದ ಕೆಲವು ಕಾಂಗ್ರೆಸ್, ಜೆಡಿಎಸ್ ಶಾಸಕರು ರಾಜೀನಾಮೆ ಕೊಟ್ಟು ಮುಂಬೈಯ ಹೋಟೆಲ್ ಸೇರಿದಾಗ ಕನ್ನಡ ಪತ್ರಿಕೆಗಳಲ್ಲಿ ಅವರು ‘ಅತೃಪ್ತರು’. ವಿಧಾನಸಭಾಧ್ಯಕ್ಷ ರಮೇಶ್ ಕುಮಾರ್ 17 ಮಂದಿಯ ಸದಸ್ಯತ್ವ ರದ್ದುಪಡಿಸಿದ ಮೇಲೆ ‘ಅನರ್ಹರು’. ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದು, ಮತ್ತೆ ಚುನಾವಣೆಗೆ ನಿಲ್ಲಲು ಇದ್ದ ತಡೆಯನ್ನಷ್ಟೇ ತೆಗೆಯಿತು. ಡಿಸೆಂಬರ್‌ನ ಉಪಚುನಾವಣೆಯಲ್ಲಿ ಬಿಜೆಪಿಯಿಂದ ಗೆದ್ದವರು ‘ಅರ್ಹ’ರಾದರು, ಅವರಲ್ಲಿ ಹೆಚ್ಚಿನವರು ಮಂತ್ರಿಗಳಾದ ಮೇಲೆ ‘ವಲಸಿಗರು’, ‘ಮಿತ್ರಮಂಡಳಿ’ ಎನಿಸಿಕೊಂಡರು.

ಅವರು ಮಾಡಿದ ಕೆಲಸ ಮಾತ್ರ ಒಂದೇ. ಬದಲಾದದ್ದು ಅದನ್ನು ನೋಡಲು ಓದುಗರಿಗೆ ಸಿಕ್ಕ ಕಣ್ಣು. ‘ಅತೃಪ್ತ’ ಎಂದೊಡನೆ ಏಳುವ ಪ್ರಶ್ನೆ, ಪಾಪ, ಇವರಿಗೆ ಏನು ಅನ್ಯಾಯವಾಯಿತು ಎಂಬುದು. ‘ಒಂದು ಪಕ್ಷದ ಚಿಹ್ನೆಯಲ್ಲಿ ಗೆದ್ದು ವರ್ಷ ದಾಟುತ್ತಲೇ ಅದನ್ನು ತೊರೆಯಲು ಹೊರಟವರು’ ಎಂದು ಬರೆದಿದ್ದರೆ, ಮತ ಹಾಕಿದವರಿಗೆ ಇವರು ಏನು ಉತ್ತರ ಕೊಡುತ್ತಾರೆ ಎಂಬ ಪ್ರಶ್ನೆ ಏಳುತ್ತಿತ್ತು. ‘ಅರ್ಹ’ ಎಂಬ ಶೀರ್ಷಿಕೆಯಡಿ ನ್ಯಾಯಾಲಯ ಎತ್ತಿಹಿಡಿದ ಅನರ್ಹತೆಯೇ ಮರೆಯಾಯಿತು. ಬೇರೆ ಪಕ್ಷದ ಶಾಸಕರನ್ನು ಬಿಜೆಪಿಗೆ ಸೆಳೆಯುವುದಕ್ಕೆ 2008ರಿಂದ ರೂಢಿಗೆ ಬಂದ ‘ಆಪರೇಷನ್ ಕಮಲ’ ಎಂಬ ಹೆಸರೂ ಹೀಗೆಯೇ: ಅದು ತಂತ್ರಗಾರನ ಚಾತುರ್ಯವನ್ನು ಮುಂದಿಟ್ಟು, ಶಾಸಕರು ರಾಜೀನಾಮೆ ಕೊಡಲು ಕಾರಣವೆನ್ನಲಾದ ಆಮಿಷವನ್ನು ಹಿಂದಕ್ಕೆ ಸರಿಸುತ್ತದೆ.

ಕನ್ನಡದ ಕ್ರಿಯಾಪದಗಳಲ್ಲೂ ಪಕ್ಷಪಾತ ಅಡಗಿ ಕೂರಬಲ್ಲದು. ಒಬ್ಬ ನಾಯಕ ‘ಸ್ಪಷ್ಟಪಡಿಸಿದರು’, ಇನ್ನೊಬ್ಬ ‘ಕಿಡಿಕಾರಿದರು’. ಮೊದಲನೆಯವರ ಮಾತು ಸತ್ಯವೆಂದು, ಎರಡನೆಯವರದು ಬರಿಯ ಸಿಟ್ಟೆಂದು ಓದುವ ಮೊದಲೇ ತೀರ್ಮಾನವಾಗಿರುತ್ತದೆ. ಇನ್ನೂ ಆಳದ್ದು ಏಕವಚನ, ಬಹುವಚನಗಳ ಭೇದ. ಕಳವಿನ ಆರೋಪ ಹೊತ್ತ ಕೂಲಿಯಾಳು ‘ಸಿಕ್ಕಿಬಿದ್ದ’. ಕೋಟಿಗಟ್ಟಲೆ ಅವ್ಯವಹಾರದ ಆರೋಪ ಹೊತ್ತ ಮಾಜಿ ಸಚಿವರು ‘ವಿಚಾರಣೆಗೆ ಹಾಜರಾದರು’. ಇಬ್ಬರ ಮೇಲಿರುವುದೂ ಸಾಬೀತಾಗದ ಆರೋಪವೇ. ಆದರೂ ವ್ಯಾಕರಣವೇ ಒಬ್ಬನನ್ನು ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸಿ, ಇನ್ನೊಬ್ಬರಿಗೆ ಕುರ್ಚಿ ಹಾಕಿ ಕೂರಿಸುತ್ತದೆ.

ಎರಡು ಕಾಲಮ್ಮಿನ ಶೀರ್ಷಿಕೆಯಲ್ಲಿ ಉದ್ದದ ವಿವರಣೆಗೆ ಜಾಗವಿಲ್ಲ, ಚುರುಕಿಲ್ಲದ ಭಾಷೆಯನ್ನು ಯಾರೂ ಓದುವುದಿಲ್ಲ ಎನ್ನುವ ಸಂಪಾದಕರ ಕಷ್ಟ ನಿಜ. ಯಾವ ಪದವೂ ಪೂರ್ತಿ ನಿಷ್ಪಕ್ಷಪಾತಿಯಲ್ಲ ಎಂಬುದೂ ನಿಜ. ಆದರೆ ‘ರಾಜೀನಾಮೆ ಕೊಟ್ಟ ಶಾಸಕರು’ ಎನ್ನುವುದಕ್ಕೆ ಬೇಕಾದ ಜಾಗ ‘ಅತೃಪ್ತ ಶಾಸಕರು’ ಎನ್ನುವುದಕ್ಕಿಂತ ಬಹಳ ಹೆಚ್ಚೇನಲ್ಲ. ಯಾವ ಪದವೂ ತಟಸ್ಥವಲ್ಲ ಎನ್ನುವುದಾದರೆ, ಆಯ್ಕೆಯ ಹೊಣೆ ಇನ್ನಷ್ಟು ಭಾರವಾಗುತ್ತದೆಯೇ ಹೊರತು ಹಗುರವಾಗುವುದಿಲ್ಲ.

ಇದಕ್ಕೊಂದು ಸರಳ ಪರೀಕ್ಷೆ ಇದೆ: ಇದೇ ಕೆಲಸವನ್ನು ಎದುರು ಪಕ್ಷದವರು ಮಾಡಿದ್ದರೆ ಇದೇ ಪದ ಬಳಸುತ್ತಿದ್ದೆವೇ? ಇಲ್ಲ ಎನಿಸಿದರೆ ಆ ಪದವನ್ನು ಹೊಡೆದುಹಾಕಿ, ಯಾರು ಏನು ಮಾಡಿದರು ಎಂಬುದನ್ನಷ್ಟೇ ಬರೆಯಬೇಕು. ಓದುಗರೂ ಇದೇ ಪರೀಕ್ಷೆಯನ್ನು ತಮ್ಮ ಮೆಚ್ಚಿನ ಪತ್ರಿಕೆಗೆ ಒಡ್ಡಬೇಕು. ರಾಜಕಾರಣಿಯನ್ನು ಮೆಚ್ಚುವ, ತಿರಸ್ಕರಿಸುವ ಅಧಿಕಾರ ಮತದಾರರದು. ಅದಕ್ಕೆ ಬೇಕಾದ ಸಂಗತಿಯನ್ನು ಬಣ್ಣ ಬಳಿಯದೆ ತಲುಪಿಸುವುದು ಪತ್ರಿಕೆಯ ಮೊದಲ ಕರ್ತವ್ಯ.