ಬಳೆ ಮಂಟಪದಲ್ಲಿ ಕಲ್ಲನ್ನಲ್ಲ, ಖಾಲಿ ಜಾಗ ನೋಡಿ

ಹನೂರಿಂದ ದಿನಾ ಬಸ್ಸಲ್ಲಿ ಬರೋ ಗೆಳತಿ ಮೊನ್ನೆ ಅಂದ್ಲು, "ಮ್ಯಾತ್ಸ್ ಬಿಡ್ತೀನಿ ಕಣೇ. ಟೋಪಾಲಜಿಯ ತ್ರೀ-ಡಿ ನಂಗೆ ಕಣ್ಮುಂದೆ ಬರೋದೇ ಇಲ್ಲ." ನಿಮ್ಮಲ್ಲೂ ಎಷ್ಟೋ ಜನ ಇದನ್ನೇ ಹೇಳಿದೀರಿ. ನಾನೂ ಹೇಳಿದೀನಿ. ಈಗ ಅದು ತಪ್ಪು ಅನ್ನಿಸ್ತಿದೆ.

ಫೋಟೋ ನೋಡಿ. ಯಳಂದೂರಿನ ಗೌರೀಶ್ವರ ದೇವಸ್ಥಾನದ ಮಹಾದ್ವಾರ. 1654-55ರಲ್ಲಿ ಹದಿನಾಡಿನ ಮುದ್ದಭೂಪ ಕಟ್ಟಿಸಿದ್ದು. ಮೂಲೆಗಳಲ್ಲಿ ಒಂದಕ್ಕೊಂದು ಕೊಂಡಿ ಹಾಕಿಕೊಂಡಿರೋ ಕಲ್ಲಿನ ಬಳೆಗಳಿವೆ, ಅದಕ್ಕೇ ಬಳೆ ಮಂಟಪ. ಕಲ್ಲನ್ನ ಬಗ್ಗಿಸಿ ಕೊಂಡಿ ಹಾಕೋಕಾಗಲ್ಲ ಅಲ್ವಾ? ಸುತ್ತಲಿನ ಕಲ್ಲನ್ನ ಕೆತ್ತಿ ತೆಗೆದ್ರೇನೇ ಬಳೆ ಬಿಡಿಯಾಗೋದು. ಅಂದ್ರೆ ಶಿಲ್ಪಿ ನಿಜವಾಗಿ ಮಾಡಿದ್ದು ಖಾಲಿ ಜಾಗವನ್ನ.

ಟೋಪಾಲಜಿಯವರೂ ಆ ಖಾಲಿಯನ್ನೇ ನೋಡ್ತಾರೆ. ಕಣ್ಣಿಂದಲ್ಲ, ದಾರದಿಂದ.

ಕೊಳ್ಳೇಗಾಲದವರಿಗೆ ರೇಷ್ಮೆ ಎಳೆಗೆ ಬರವಾ? ಒಂದು ಎಳೆ, ಅಮ್ಮನ ಒಂದು ಬಳೆ ತಗೊಳ್ಳಿ. (ಮಂಟಪದ ಕಲ್ಲಿಗೆ ದಾರ ಕಟ್ಟೋಕೆ ಹೋಗ್ಬೇಡಿ, ಪ್ಲೀಸ್.) ಬಳೆಯೊಳಗೆ ತೂರಿಸಿ, ಹೊರಗಿಂದ ಸುತ್ತಿ ತಂದು ತುದಿಗಳನ್ನ ಗಂಟು ಹಾಕಿ. ಕಣ್ಣು ಮುಚ್ಕೊಂಡು ಆ ಕುಣಿಕೆಯನ್ನ ಕುಗ್ಗಿಸುತ್ತಾ ಹೋಗಿ. ಅದು ಚುಕ್ಕೆ ಆಗಲ್ಲ, ಬಳೆ ಅಡ್ಡ ಬರುತ್ತೆ. ಬಳೆಯೊಳಗೆ ತೂರಿಸದ ಕುಣಿಕೆ ಆದ್ರೆ ಸಲೀಸಾಗಿ ಕುಗ್ಗುತ್ತೆ. ಬಳೆ ದುಂಡಗಿರ್ಲಿ, ಸೊಟ್ಟಗಿರ್ಲಿ, ಉತ್ತರ ಅದೇ.

1904ರಲ್ಲಿ ಫ್ರಾನ್ಸಿನ ಪ್ವಾಂಕಾರೆ ಕೇಳಿದ್ದು ಇದೇ ಜಾತಿಯ ಪ್ರಶ್ನೆ. ಮೂರು ಆಯಾಮದ ಒಂದು ಜಾಗ ಇದೆ. ಅದಕ್ಕೆ ಅಂಚಿಲ್ಲ, ಆದ್ರೆ ಮಿತಿ ಇದೆ. ಒಳಗೆ ಎಂಥ ಕುಣಿಕೆ ಹಾಕಿದ್ರೂ ಚುಕ್ಕೆಯಾಗಿ ಕುಗ್ಗುತ್ತೆ. ಹಾಗಿದ್ರೆ ಅದು ಮೂರು ಆಯಾಮದ ಗೋಳವೇ ಆಗಿರ್ಬೇಕಾ? (ಚೆಂಡಿನ ಮೈ ಎರಡು ಆಯಾಮದ ಗೋಳ, ಇದು ಅದರ ಅಣ್ಣ.) ಹೌದು ಅಂತ ರಷ್ಯಾದ ಪೆರೆಲ್ಮನ್ 2002-03ರಲ್ಲಿ ಇಂಟರ್ನೆಟ್ಟಿಗೆ ಹಾಕಿದ ಬರಹಗಳಲ್ಲಿ ತೋರಿಸಿದ್ರು. 2010ರಲ್ಲಿ ಹತ್ತು ಲಕ್ಷ ಡಾಲರ್ ಬಹುಮಾನ ಬೇಡ ಅಂದ್ರು, ಅದು ಬೇರೆ ಕಥೆ. ಆ ಗೋಳವನ್ನ ಹೊರಗೆ ನಿಂತು ಇಬ್ಬರೂ ಕಣ್ಣಾರೆ ಕಂಡಿಲ್ಲ. ಯಾರೂ ಕಂಡಿಲ್ಲ.

ನನ್ನ ತಕರಾರು ಬೋರ್ಡ್ ಮೇಲೆ. ಅದು ಚಪ್ಪಟೆ. ಅದರ ಮೇಲಿನ ಚಿತ್ರ ಹತ್ತಲಿಲ್ಲ ಅಂತ ನಾವು ವಿಷಯವನ್ನೇ ಬಿಡ್ತಿದೀವಿ. ಆ ಗೆಳತಿ ಮಲ್ಲಿಗೆ ಕಟ್ಟೋದನ್ನ ನೋಡ್ಬೇಕು ನೀವು! ಯಾವ ಕುಣಿಕೆ ಜಾರುತ್ತೆ, ಯಾವುದು ನಿಲ್ಲುತ್ತೆ ಅಂತ ಅವಳ ಬೆರಳಿಗೆ ನೋಡದೇ ಗೊತ್ತು. ಅವಳಿಗೆ ಊಹಿಸೋಕೆ ಬರಲ್ವಂತೆ.

ನಾಳೆ ಅವಳಿಗೆ ಎರಡು ಬಳೆ, ಒಂದು ಎಳೆ ಕೊಡ್ತೀನಿ. ನೀವೂ ಮಾಡಿ, ದಾರ ಎಲ್ಲಿ ಸಿಕ್ಕಾಕೊಳ್ತು ಅಂತ ಕಾಮೆಂಟಲ್ಲಿ ಹಾಕಿ.

#ಬಳೆಮಂಟಪ #ಯಳಂದೂರು #ಕೊಳ್ಳೇಗಾಲ #ಹನೂರು #ಗಣಿತ