ಉಂಡದ್ದು ಮೈಗೆ ಹತ್ತಬೇಕಾದರೆ

ಮಕ್ಕಳ ಅಪೌಷ್ಟಿಕತೆಯ ಚರ್ಚೆ ನಮ್ಮಲ್ಲಿ ತಟ್ಟೆಯ ಹತ್ತಿರವೇ ನಿಂತುಬಿಡುತ್ತದೆ. ವಾರಕ್ಕೆ ಎಷ್ಟು ಮೊಟ್ಟೆ, ಲೋಟಕ್ಕೆ ಎಷ್ಟು ಹಾಲು, ತಿಂಗಳಿಗೆ ಎಷ್ಟು ಮಾತ್ರೆ ಎಂಬ ಲೆಕ್ಕ ಮುಗಿದರೆ ಕೆಲಸವೂ ಮುಗಿಯಿತು ಎಂಬ ಭಾವನೆ ಅಧಿಕಾರಿಗಳಲ್ಲೂ ಇದೆ, ಟೀಕಾಕಾರರಲ್ಲೂ ಇದೆ. 2013ರಲ್ಲಿ ಕ್ಷೀರಭಾಗ್ಯ ಬಂತು, 2017ರಲ್ಲಿ ಮಾತೃಪೂರ್ಣ ಬಂತು, ಆಮೇಲೆ ಶಾಲೆಗಳಿಗೆ ಮೊಟ್ಟೆ ಬಂತು. ಇವೆಲ್ಲ ಅಗತ್ಯವಾಗಿದ್ದ ಯೋಜನೆಗಳೇ. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳ ಪೈಕಿ ಶೇ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಆರು ತಿಂಗಳು ದಾಟಿದ ಮಕ್ಕಳಲ್ಲಿ ರಕ್ತಹೀನತೆಯ ಪ್ರಮಾಣ ಹಿಂದಿನ ಸಮೀಕ್ಷೆಯ ಶೇ 60.9ರಿಂದ 65.5ಕ್ಕೆ ಏರಿತ್ತು. ಇದಕ್ಕೆ ಬಡತನ, ತಾಯಂದಿರ ಆರೋಗ್ಯ, ಊಟದ ಕೊರತೆ ಹೀಗೆ ಕಾರಣಗಳು ಹಲವು. ಅವುಗಳ ನಡುವೆ ಸರ್ಕಾರದ ಯಾವ ಕಡತದಲ್ಲೂ ಕಾಣದ ಒಂದು ಕಾರಣವಿದೆ. ಅದು ಮಗುವಿನ ಸಣ್ಣ ಕರುಳಿನ ಒಳಪದರ. ಈ ಪದರದ ಆರೋಗ್ಯ ಕಾಯದೆ ಊಟ, ಮಾತ್ರೆ, ಲಸಿಕೆಗಳಿಗೆ ಸುರಿದ ಹಣ ಪೂರ್ತಿ ಫಲ ಕೊಡುವುದಿಲ್ಲ ಎಂಬುದು ನನ್ನ ವಾದ.

ಮೊದಲು ಆ ಪದರದ ರಚನೆಯನ್ನು ನೋಡಬೇಕು. ಸಣ್ಣ ಕರುಳಿನ ಒಳಗೋಡೆಯಲ್ಲಿ ಮಡಿಕೆಗಳಿವೆ. ಮಡಿಕೆಗಳ ಮೇಲೆ ಅರ್ಧದಿಂದ ಒಂದು ಮಿಲಿಮೀಟರ್ ಎತ್ತರದ, ಬೆರಳಿನಾಕಾರದ ವಿಲ್ಲೈಗಳು ಒತ್ತೊತ್ತಾಗಿ ನಿಂತಿವೆ. ವಿಲ್ಲೈಗಳನ್ನು ಹೊದ್ದ ಒಂದೊಂದು ಜೀವಕೋಶದ ಮೈಮೇಲೂ ಇನ್ನೂ ಸಣ್ಣ ಎಳೆಗಳಿವೆ. ಈ ಎಲ್ಲ ಮೇಲ್ಮೈಯನ್ನು ಹರಡಿದರೆ ಒಂದು ಟೆನಿಸ್ ಅಂಗಳವಾಗುತ್ತದೆ ಎಂದು ಪಠ್ಯಪುಸ್ತಕಗಳು ಬಹುಕಾಲ ಬರೆದುಕೊಂಡು ಬಂದವು. 2014ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನ ಸಂಶೋಧಕರು ಮತ್ತೆ ಅಳೆದು, ಅದು ಸುಮಾರು 30 ಚದರ ಮೀಟರ್ ಎಂದು ತೋರಿಸಿದರು. ನಾವು ನಂಬಿದ್ದಕ್ಕಿಂತ ಜಾಗ ಕಡಿಮೆ ಎಂದಮೇಲೆ, ಅದರಲ್ಲಿ ಕಳೆದುಕೊಳ್ಳುವ ಒಂದೊಂದು ಭಾಗವೂ ದುಬಾರಿಯೇ. ವಿಲ್ಲೈಯ ಬುಡದಲ್ಲಿ ಹುಟ್ಟಿದ ಜೀವಕೋಶ ಮೂರರಿಂದ ಐದು ದಿನಗಳಲ್ಲಿ ಮೇಲೇರಿ ತುದಿ ತಲುಪಿ ಉದುರುತ್ತದೆ. ಮೇಲೇರುತ್ತ ಬಲಿತಂತೆಲ್ಲ ಅದಕ್ಕೆ ಹೀರುವ ಶಕ್ತಿ ಬರುತ್ತದೆ. ಹಾಲಿನ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ಇರುವುದೂ ಈ ಬಲಿತ ಕೋಶಗಳಲ್ಲೇ. ರೋಟಾವೈರಸ್ ದಾಳಿ ಮಾಡುವುದು ಸರಿಯಾಗಿ ಇವುಗಳ ಮೇಲೆ. ಭೇದಿ ನಿಂತ ಮೇಲೂ ಕೆಲವು ಮಕ್ಕಳಿಗೆ ಹಾಲು ಒಗ್ಗದೆ ಹೊಟ್ಟೆ ಉಬ್ಬರಿಸುವುದು ಇದರಿಂದಲೇ. ಪದರ ಮತ್ತೆ ಚಿಗುರುತ್ತದೆ ನಿಜ, ಆದರೆ ಚಿಗುರುವ ಮುನ್ನ ಮುಂದಿನ ಸೋಂಕು ಬಂದರೆ ಗಾಯದ ಮೇಲೆ ಗಾಯವಾಗುತ್ತದೆ.

ಇದು ಊಹೆಯಲ್ಲ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಸಂಶೋಧಕರು 1960ರ ದಶಕದಲ್ಲೇ ದಕ್ಷಿಣ ಭಾರತದವರ ಕರುಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರು. ಹುಟ್ಟುವ ಮೊದಲು ಬೆರಳಿನಂತೆ ನೀಳವಾಗಿದ್ದ ವಿಲ್ಲೈಗಳು ಬೆಳೆದವರಲ್ಲಿ ಎಲೆಯಂತೆ ಅಗಲವಾಗಿ, ಮೋಟಾಗಿದ್ದವು. ಕಾಯಿಲೆ ಎಂದು ಆಸ್ಪತ್ರೆಗೆ ಬಾರದ, ಆರೋಗ್ಯವಂತರೆನಿಸಿಕೊಂಡವರ ಕರುಳೂ ಹಾಗೇ ಇತ್ತು. ಅದೇ ದಶಕದಲ್ಲಿ ಪಾಕಿಸ್ತಾನಕ್ಕೆ ಬಂದಿದ್ದ ಅಮೆರಿಕದ ಪೀಸ್ ಕೋರ್ ಸ್ವಯಂಸೇವಕರ ಕರುಳಿನಲ್ಲೂ ಇಂಥ ಬದಲಾವಣೆ ಕಾಣಿಸಿಕೊಂಡಿತು. ಅಂದಮೇಲೆ ಇದು ವಂಶದಿಂದ ಬಂದದ್ದಲ್ಲ, ಪರಿಸರದಿಂದ ಬಂದದ್ದು. ಮಲದ ಸೂಕ್ಷ್ಮಾಣುಗಳು ನೀರು, ಮಣ್ಣು, ಕೈಗಳ ಮೂಲಕ ದಿನವೂ ಒಳಹೋದರೆ ಕರುಳು ಸದಾ ಉರಿಯೂತದಲ್ಲೇ ಇರುತ್ತದೆ.

ಈ ಉರಿಯೂತ ಕಬ್ಬಿಣಾಂಶಕ್ಕೆ ಏನು ಮಾಡುತ್ತದೆ ಎಂಬುದನ್ನು ಸ್ವಲ್ಪ ನಿಧಾನಿಸಿ ನೋಡಬೇಕು. ನಾವು ನುಂಗಿದ ಕಬ್ಬಿಣ ಹೆಚ್ಚಾಗಿ ಸಣ್ಣ ಕರುಳಿನ ಮೊದಲ ಭಾಗದಲ್ಲಿ ಜೀವಕೋಶದ ಒಳಗೆ ಸೇರುತ್ತದೆ. ಕೋಶದ ಇನ್ನೊಂದು ಬದಿಯಿಂದ ಅದು ರಕ್ತಕ್ಕೆ ಇಳಿಯಬೇಕು. ಮೈಯಲ್ಲಿ ಉರಿಯೂತವಿದ್ದರೆ ಪಿತ್ತಜನಕಾಂಗ ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚಿಸಿ, ಆ ಬದಿಯ ಬಾಗಿಲನ್ನು ಮುಚ್ಚಿಸುತ್ತದೆ. ಗೋದಾಮಿಗೆ ಬಂದ ಪಡಿತರಕ್ಕೆ ಬೀಗ ಬಿದ್ದ ಹಾಗೆ, ಕಬ್ಬಿಣ ಕೋಶದೊಳಗೇ ಉಳಿದು, ನಾಲ್ಕಾರು ದಿನಗಳಲ್ಲಿ ಕೋಶ ಉದುರಿದಾಗ ಮಲದ ಜೊತೆ ಹೊರಟುಹೋಗುತ್ತದೆ. ಮಾತ್ರೆ ಹಂಚಿದ ಲೆಕ್ಕ ಪುಸ್ತಕದಲ್ಲಿ ಸರಿಯಾಗಿಯೇ ಇರುತ್ತದೆ, ಮಗುವಿನ ಹಿಮೋಗ್ಲೋಬಿನ್ ಮಾತ್ರ ಏರುವುದಿಲ್ಲ. ಬೇರೆ ಔಷಧಗಳ ಕಥೆಯೂ ಇಂಥದ್ದೇ. ಎಚ್‌ಐವಿ ಜೊತೆಗೆ ಕ್ಷಯವೂ ಇರುವವರ ಕರುಳು ರಿಫಾಂಪಿಸಿನ್ ಮಾತ್ರೆಯನ್ನು ಸರಿಯಾಗಿ ಹೀರುವುದಿಲ್ಲ ಎಂದು ಚೆನ್ನೈನ ಕ್ಷಯರೋಗ ಸಂಶೋಧನಾ ಕೇಂದ್ರ 2004ರಲ್ಲೇ ವರದಿ ಮಾಡಿತ್ತು. ಬಾಯಿಗೆ ಹಾಕುವ ರೋಟಾವೈರಸ್ ಲಸಿಕೆಗಳು ಶ್ರೀಮಂತ ದೇಶಗಳಲ್ಲಿ ಆ ವೈರಸ್ಸಿನಿಂದ ಬರುವ ತೀವ್ರ ಭೇದಿಯನ್ನು ಶೇ 85ಕ್ಕೂ ಹೆಚ್ಚು ತಡೆದರೆ, ಭಾರತದ ಪ್ರಯೋಗದಲ್ಲಿ ನಮ್ಮ ಲಸಿಕೆ ಸುಮಾರು ಶೇ 55ರಷ್ಟು ತಡೆಯಿತು. ಇದರ ಕಾರಣಗಳಲ್ಲಿ ಕರುಳಿನ ಸ್ಥಿತಿಯೂ ಒಂದು ಎಂದು ತಜ್ಞರು ಶಂಕಿಸುತ್ತಾರೆ. ಹಾಗೆಂದು ಲಸಿಕೆ ಬೇಡ ಎನ್ನಲಾಗದು. ರೋಟಾವೈರಸ್‌ನ ತೀವ್ರ ಭೇದಿಯಲ್ಲಿ ಅರ್ಧದಷ್ಟು ತಪ್ಪಿದರೂ ಅದು ದೊಡ್ಡ ಲಾಭವೇ.

ನನ್ನ ವಾದಕ್ಕೆ ಬಲವಾದ ಆಕ್ಷೇಪವೊಂದಿದೆ. ಬಾಂಗ್ಲಾದೇಶ, ಕೆನ್ಯಾ, ಜಿಂಬಾಬ್ವೆಗಳಲ್ಲಿ ಸಾವಿರಾರು ಕುಟುಂಬಗಳಿಗೆ ಶೌಚಾಲಯ, ಕೈತೊಳೆಯುವ ಸೌಲಭ್ಯ, ಕುಡಿಯುವ ನೀರಿಗೆ ಕ್ಲೋರಿನ್ ಕೊಟ್ಟು ನೋಡಿದ ದೊಡ್ಡ ಪ್ರಯೋಗಗಳ ಫಲಿತಾಂಶ 2018, 2019ರಲ್ಲಿ ಬಂತು. ಸ್ವಚ್ಛತೆಯೊಂದರಿಂದಲೇ ಮಕ್ಕಳ ಎತ್ತರ ಹೆಚ್ಚಲಿಲ್ಲ. ಪೂರಕ ಆಹಾರ ಕೊಟ್ಟಲ್ಲಿ ಮಾತ್ರ ಅಷ್ಟಿಷ್ಟು ಹೆಚ್ಚಿತು. ಹಾಗಾದರೆ ಕರುಳಿನ ಮಾತು ಬಿಡಿ, ಊಟ ಕೊಡಿ ಎನ್ನುವವರಿದ್ದಾರೆ. ಈ ಫಲಿತಾಂಶವನ್ನು ತಳ್ಳಿಹಾಕುವಂತಿಲ್ಲ. ಆದರೆ ಕೆನ್ಯಾ, ಜಿಂಬಾಬ್ವೆಗಳಲ್ಲಿ ಭೇದಿಯೇ ಕಡಿಮೆಯಾಗಲಿಲ್ಲ, ಅಂದರೆ ಸೋಂಕು ಮಗುವಿನ ಬಾಯಿಗೆ ಹೋಗುತ್ತಲೇ ಇತ್ತು. ಮನೆಗೊಂದು ಶೌಚಾಲಯ ಕಟ್ಟಿದರೂ ಅಂಗಳದಲ್ಲಿ ಕೋಳಿ ಓಡಾಡುತ್ತವೆ, ಅದೇ ಮಣ್ಣಿನಲ್ಲಿ ಅಂಬೆಗಾಲಿಕ್ಕುವ ಮಗು ಬೆರಳು ಚೀಪುತ್ತದೆ. ಬಾಂಗ್ಲಾದೇಶದಲ್ಲಿ ಭೇದಿ ಇಳಿದರೂ ಎತ್ತರ ಏರಲಿಲ್ಲ ಎಂಬುದು ಇನ್ನೂ ಕಠಿಣ ಪ್ರಶ್ನೆ. ಭೇದಿಯಿಲ್ಲದೆಯೂ ಕರುಳು ಸವೆದಿರಬಹುದು ಎಂಬ ವೆಲ್ಲೂರಿನ ಹಳೆಯ ಅಧ್ಯಯನವನ್ನು ಇಲ್ಲಿ ನೆನೆಯಬೇಕು. ಅರೆಬರೆ ಸ್ವಚ್ಛತೆ ಸಾಲದು ಎಂದೇ ನಾನು ಈ ಪ್ರಯೋಗಗಳನ್ನು ಓದುತ್ತೇನೆ.

ಕರುಳಿನ ನೆಪ ಹೇಳಿ ಸರ್ಕಾರ ನಾಳೆ ಮೊಟ್ಟೆಗೆ ಕತ್ತರಿ ಹಾಕೀತು ಎಂಬ ಭಯವೂ ಕೆಲವರಿಗಿದೆ. ಅಂಥ ಕಡಿತಕ್ಕೆ ವಿಜ್ಞಾನದ ಬೆಂಬಲ ಇಲ್ಲವೇ ಇಲ್ಲ. ಸೋಂಕಿನಿಂದ ಬಳಲಿದ ಕರುಳಿಗೆ ಹೆಚ್ಚು, ಒಳ್ಳೆಯ ಆಹಾರ ಬೇಕು. ಯಾವ ಆಹಾರ ಎಂಬುದೂ ಮುಖ್ಯ. ಢಾಕಾದಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಕಡಲೆಹಿಟ್ಟು, ಸೋಯಾಹಿಟ್ಟು, ಶೇಂಗಾ, ಬಾಳೆಕಾಯಿ ಸೇರಿಸಿ ಮಾಡಿದ ಆಹಾರವನ್ನು ಅಪೌಷ್ಟಿಕ ಮಕ್ಕಳಿಗೆ ಕೊಟ್ಟರು. ಕರುಳಿನ ಉಪಕಾರಿ ಬ್ಯಾಕ್ಟೀರಿಯಾಗಳನ್ನು ಬೆಳೆಸುವಂತೆ ಆರಿಸಿದ ಈ ಆಹಾರದಲ್ಲಿ ಕ್ಯಾಲೊರಿ ಕಡಿಮೆಯಿದ್ದರೂ, ಮಾಮೂಲಿ ಪೂರಕ ಆಹಾರ ತಿಂದವರಿಗಿಂತ ಈ ಮಕ್ಕಳ ತೂಕ ಚೆನ್ನಾಗಿ ಏರಿತು. ಈ ನಾಲ್ಕರಲ್ಲಿ ನಮ್ಮ ಊರುಗಳಲ್ಲಿ ಸಿಗದ್ದು ಯಾವುದೂ ಇಲ್ಲ.

ಇದೆಲ್ಲ ಪ್ರಯೋಗಾಲಯದ ಮಾತು, ಹಳ್ಳಿಗೆ ಏನು ಉಪಯೋಗ ಎಂದು ಕೇಳಿದರೆ ಒಆರ್‌ಎಸ್ ಉತ್ತರವಾಗಿದೆ. ಸಕ್ಕರೆಯೂ ಉಪ್ಪೂ ಜೊತೆಯಾಗಿ ಬಂದರೆ ಕಾಲರಾದಲ್ಲೂ ಕರುಳಿನ ಕೋಶ ಎರಡನ್ನೂ ಒಳಗೆ ಬಿಡುತ್ತದೆ, ಹಿಂದೆಯೇ ನೀರೂ ಒಳಬರುತ್ತದೆ. 1971ರಲ್ಲಿ ಪಶ್ಚಿಮ ಬಂಗಾಳದ ಬನ್‌ಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಾಲನಬಿಸ್ ಇದನ್ನೇ ನೆಚ್ಚಿ ಡ್ರಮ್ಮುಗಳಲ್ಲಿ ದ್ರಾವಣ ತುಂಬಿಸಿ ಕುಡಿಸಿದರು. ಸುಮಾರು ಶೇ 30ರಷ್ಟಿದ್ದ ಸಾವು ಶೇ 4ಕ್ಕಿಂತ ಕೆಳಗಿಳಿಯಿತು.

ಅಷ್ಟೇ ಸರಳವಾದ ಕೆಲವು ಕೆಲಸಗಳನ್ನು ಇಂದೇ ಮಾಡಬಹುದು. ಗರ್ಭಿಣಿಯರಿಗೆ ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳನ್ನು ಒಟ್ಟಿಗೆ ನುಂಗಬೇಡಿ, ನಡುವೆ ಎರಡು ಗಂಟೆಯಾದರೂ ಬಿಡಿ ಎಂದು ಆಶಾ ಕಾರ್ಯಕರ್ತೆ ಪ್ರತಿ ಭೇಟಿಯಲ್ಲೂ ಹೇಳಬೇಕು. ಕಬ್ಬಿಣದ ಮಾತ್ರೆಯ ಜೊತೆ ಚಹಾ ಬೇಡ, ನಿಂಬೆಹಣ್ಣಿನ ರಸ ಒಳ್ಳೆಯದು. ಭೇದಿಯಾದ ಮಗುವಿಗೆ ಒಆರ್‌ಎಸ್ ಜೊತೆ 14 ದಿನ ಸತುವಿನ ಮಾತ್ರೆ ಪೂರ್ತಿ ಸಿಗಬೇಕು. ಎರಡು ದಿನಕ್ಕೆ ಭೇದಿ ನಿಂತಿತೆಂದು ಮಾತ್ರೆ ನಿಲ್ಲಿಸುವುದು ತಪ್ಪು. ಇವಕ್ಕೆ ಹೆಚ್ಚು ಹಣ ಬೇಡ. ಹಣ ಮತ್ತು ಹಠ ಎರಡೂ ಬೇಕಾಗಿರುವುದು ನೀರಿಗೆ. ನಲ್ಲಿ ಹಾಕಿಸಿದ ಸಂಖ್ಯೆ ನಮ್ಮಲ್ಲಿ ವರದಿಯಾಗುತ್ತದೆ, ಆ ನಲ್ಲಿಯಲ್ಲಿ ಬರುವ ನೀರಿನಲ್ಲಿ ಮಲದ ಬ್ಯಾಕ್ಟೀರಿಯಾ ಇದೆಯೇ ಎಂಬ ಪ್ರಶ್ನೆ ಹಿಂದುಳಿಯುತ್ತದೆ. ಅಂಗನವಾಡಿಯಲ್ಲಿ ತೂಕ ಬರೆಯುವುದು ಒಂದು ಇಲಾಖೆ, ಊರಿಗೆ ನೀರು ಬಿಡುವುದು ಇನ್ನೊಂದು ಇಲಾಖೆ. ಜಿಲ್ಲಾ ಪಂಚಾಯಿತಿಯ ಕೆಡಿಪಿ ಸಭೆಯಲ್ಲಿ ಇಬ್ಬರನ್ನೂ ಒಟ್ಟಿಗೆ ಕೂರಿಸಿ, ಪ್ರತಿ ಅಂಗನವಾಡಿಯ ಮಕ್ಕಳ ಎತ್ತರ–ತೂಕವನ್ನೂ ಅದೇ ತಿಂಗಳ ನೀರಿನ ಪರೀಕ್ಷೆಯ ಫಲಿತಾಂಶವನ್ನೂ ಒಂದೇ ಹಾಳೆಯಲ್ಲಿ ಕೇಳಲು ಹೊಸ ಕಾನೂನೂ ಬೇಡ, ಹೊಸ ಯೋಜನೆಯೂ ಬೇಡ.