ಸಂತೆಯ ಜಾಗ ಯಾರದು?



ಪಟ್ಟಣದಲ್ಲಿ ದೊಡ್ಡ ಅಂಗಡಿ ಸಂಕೀರ್ಣ ಏಳುತ್ತದೆ ಎಂದರೆ ನಮ್ಮಲ್ಲಿ ಅನೇಕರು ಸಂತೋಷಪಡುತ್ತಾರೆ. ಊರು ಮುಂದಕ್ಕೆ ಬರುತ್ತಿದೆ ಎನ್ನುತ್ತಾರೆ. ಅದನ್ನು ವಿರೋಧಿಸುವ ನಿವಾಸಿಗಳನ್ನು ಅಭಿವೃದ್ಧಿಯ ವೈರಿಗಳೆಂದು ಕರೆಯುವುದೂ ಉಂಟು. ಈ ಮಾತು ಎಷ್ಟು ಸರಿ? ಲಂಡನ್ ನಗರದಲ್ಲಿ ನಡೆದ ಒಂದು ಹೋರಾಟವನ್ನು ನೋಡಿ ತೀರ್ಮಾನಿಸೋಣ. ಊರು ದೂರದ್ದಾದರೂ ಪ್ರಶ್ನೆ ನಮ್ಮದೇ.

ಉತ್ತರ ಲಂಡನ್ನಿನ ಟಾಟನ್‌ಹ್ಯಾಮ್ ಪ್ರದೇಶದಲ್ಲಿ ಸೆವೆನ್ ಸಿಸ್ಟರ್ಸ್ ಎಂಬ ಸುರಂಗ ರೈಲು ನಿಲ್ದಾಣವಿದೆ. ಅದರ ಮೇಲೆಯೇ ವಾರ್ಡ್ಸ್ ಕಾರ್ನರ್ ಎಂಬ ಹಳೆಯ ಕಟ್ಟಡ. ಒಂದು ಕಾಲಕ್ಕೆ ಅದು ಎಲ್ಲ ಸಾಮಾನೂ ದೊರೆಯುವ ದೊಡ್ಡ ಮಳಿಗೆಯಾಗಿತ್ತು. 1970ರ ದಶಕದಲ್ಲಿ ಮುಚ್ಚಿಹೋಯಿತು. ಕಾಲಾಂತರದಲ್ಲಿ ಕೊಲಂಬಿಯ ಮೊದಲಾದ ದಕ್ಷಿಣ ಅಮೆರಿಕದ ದೇಶಗಳಿಂದ ಹೊಟ್ಟೆಪಾಡಿಗಾಗಿ ಬಂದವರು ಅದರೊಳಗೆ ಪುಟ್ಟ ಪುಟ್ಟ ಅಂಗಡಿಗಳನ್ನು ಇಟ್ಟುಕೊಂಡರು. ಮಾಂಸದಂಗಡಿ, ತಿಂಡಿಯಂಗಡಿ, ಕ್ಷೌರದಂಗಡಿ, ಊರಿಗೆ ಹಣ ಕಳುಹಿಸುವ ಅಂಗಡಿ ಎಲ್ಲವೂ ಅಲ್ಲಿದ್ದವು. ಊರಿನ ಸುದ್ದಿ, ಕೆಲಸದ ಸುಳಿವು, ಕಾಗದ ಪತ್ರ ಓದಿ ಹೇಳುವ ನೆರವು ಇವೆಲ್ಲವೂ ಸ್ವಂತ ಭಾಷೆಯಲ್ಲಿ ದೊರೆಯುವ ತಾಣ ಅದಾಯಿತು. ಗಡಿಯಾಚೆ ಬಾಳುತ್ತಾ ಸಂತೆಯ ದಿನ ಕನ್ನಡ ಮಾತು ಕಿವಿಗೆ ಬಿದ್ದಾಗ ಜೀವ ತಂಪಾಗುವುದನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಕಟ್ಟಡವನ್ನು ಕೆಡವಿ ಹೊಸ ಮನೆಗಳನ್ನೂ ಅಂಗಡಿಗಳನ್ನೂ ಕಟ್ಟಲು ಗ್ರೇಂಜರ್ ಎಂಬ ಕಂಪನಿ ಯೋಜನೆ ಹಾಕಿತು. ಹ್ಯಾರಿಂಗೆ ನಗರಸಭೆ 2008ರಲ್ಲಿ ಒಪ್ಪಿಗೆ ಕೊಟ್ಟಿತು. ನಿವಾಸಿಗಳೂ ವ್ಯಾಪಾರಿಗಳೂ ಒಂದಾಗಿ ನ್ಯಾಯಾಲಯಕ್ಕೆ ಹೋದರು. 2010ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ಒಪ್ಪಿಗೆಯನ್ನು ರದ್ದುಮಾಡಿತು. ಕಾರಣವೇನೆಂದರೆ, 1976ರ ಜನಾಂಗ ಸಂಬಂಧ ಕಾಯಿದೆಯ ಪ್ರಕಾರ, ಅಲ್ಲಿ ದುಡಿಯುವ ಮತ್ತು ವಾಸಿಸುವ ಅಲ್ಪಸಂಖ್ಯಾತ ಜನರ ಮೇಲೆ ಯೋಜನೆಯ ಪರಿಣಾಮ ಏನಾಗುವುದೆಂದು ನಗರಸಭೆ ವಿಚಾರಿಸಬೇಕಾಗಿತ್ತು, ವಿಚಾರಿಸಿರಲಿಲ್ಲ.

ಕಂಪನಿ ಸುಮ್ಮನಾಗಲಿಲ್ಲ. 2012ರಲ್ಲಿ 196 ಮನೆಗಳ ಯೋಜನೆಗೆ ಮತ್ತೆ ಒಪ್ಪಿಗೆ ಪಡೆಯಿತು. ಈ ಸಲ ವ್ಯಾಪಾರಿಗಳಿಗಾಗಿ ಹೊಸ ಮಾರುಕಟ್ಟೆಗೂ ಜಾಗ ತೋರಿಸಿತ್ತು. 2017ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕು ತಜ್ಞರು ಆತಂಕ ವ್ಯಕ್ತಪಡಿಸಿದರು. ಆದರೂ 2019ರಲ್ಲಿ ಕಡ್ಡಾಯ ಸ್ವಾಧೀನದ ಆಜ್ಞೆಗೆ ಸರಕಾರದ ಮುದ್ರೆ ಬಿತ್ತು. ಎಲ್ಲ ಮುಗಿಯಿತು ಎಂದು ಯಾರಾದರೂ ಹೇಳುವ ಹೊತ್ತು ಅದು. ಹೋರಾಟಗಾರರು ಕೈಬಿಡಲಿಲ್ಲ. 2021ರ ಆಗಸ್ಟಿನಲ್ಲಿ ಕಂಪನಿಯೇ ಯೋಜನೆಯಿಂದ ಹಿಂದೆ ಸರಿಯಿತು.

ಕಂಪನಿಯ ಪಕ್ಷದಲ್ಲಿ ಏನೂ ನ್ಯಾಯವಿರಲಿಲ್ಲವೆಂದು ನಾನು ಹೇಳುವುದಿಲ್ಲ. ಕಟ್ಟಡ ಹಳೆಯದು, ದುರಸ್ತಿ ಬೇಕಾಗಿತ್ತು. ಲಂಡನ್ನಿನಲ್ಲಿ ಮನೆಗಳ ಕೊರತೆಯೂ ನಿಜ. ಆದರೆ ಕಟ್ಟುವ ಮನೆಗೆ ಬಡವನು ಬಾಡಿಗೆ ತೆರಬಲ್ಲನೇ? ಹೊಸ ಅಂಗಡಿಯ ಬಾಡಿಗೆ ಏರಿದ ದಿನ ಹಳೆಯ ವ್ಯಾಪಾರಿ ಎಲ್ಲಿಗೆ ಹೋಗಬೇಕು? ಈ ಎರಡು ಪ್ರಶ್ನೆಗಳಿಗೆ ಉತ್ತರವಿಲ್ಲದ ಯೋಜನೆಯನ್ನು ಅಭಿವೃದ್ಧಿ ಎಂದು ಕರೆಯುವುದು ಸರಿಯಲ್ಲ.

ಅದೇ ಲಂಡನ್ನಿನ ಕೊವೆಂಟ್ ಗಾರ್ಡನ್ ಇದಕ್ಕೆ ಸಾಕ್ಷಿ. ಅಲ್ಲಿಯ ಹಣ್ಣು ತರಕಾರಿ ಮಾರುಕಟ್ಟೆಯ ಸುತ್ತಲಿನ ಕೇರಿಗಳನ್ನು ಕೆಡವುವ ಯೋಜನೆಯ ವಿರುದ್ಧ ನಿವಾಸಿಗಳು 1971ರಲ್ಲಿ ಸಂಘ ಕಟ್ಟಿದರು. 1973ರಲ್ಲಿ ಸರಕಾರ ಇನ್ನೂರಕ್ಕೂ ಹೆಚ್ಚು ಕಟ್ಟಡಗಳನ್ನು ಸಂರಕ್ಷಿತ ಪಟ್ಟಿಗೆ ಸೇರಿಸಿತು. ಕಟ್ಟಡಗಳು ಉಳಿದವು. ಆದರೆ 1974ರಲ್ಲಿ ಸಗಟು ಮಾರುಕಟ್ಟೆ ನೈನ್ ಎಲ್ಮ್ಸ್‌ಗೆ ಹೋಯಿತು. ಹೊರೆ ಹೊರುವವರ ಕೆಲಸವೂ ಅದರ ಹಿಂದೆಯೇ ಹೋಯಿತು. 1980ರಲ್ಲಿ ಹಳೆಯ ಮಾರುಕಟ್ಟೆ ಕಟ್ಟಡ ನಾಜೂಕು ಅಂಗಡಿಗಳ ಸಾಲಾಗಿ ತೆರೆಯಿತು. ಇಂದು ಅಲ್ಲಿ ಪ್ರವಾಸಿಗಳ ಜಾತ್ರೆ. ಗೋಡೆ ಉಳಿದ ಮಾತ್ರಕ್ಕೆ ಗೋಡೆಯೊಳಗಿನ ದುಡಿಮೆ ಉಳಿಯುವುದಿಲ್ಲ ಎಂಬುದನ್ನು ಇದರಿಂದ ತಿಳಿಯಬೇಕು.

ಸೆವೆನ್ ಸಿಸ್ಟರ್ಸ್‌ನವರು ಇಲ್ಲಿಯೇ ಒಂದು ಹೆಜ್ಜೆ ಮುಂದೆ ಹೋದರು. ‘ಕೆಡವಬೇಡಿ’ ಎಂದಷ್ಟೇ ಕೂಗಲಿಲ್ಲ. ಕಟ್ಟಡವನ್ನು ಉಳಿಸಿ ದುರಸ್ತಿಮಾಡಿ, ಮಾರುಕಟ್ಟೆಯನ್ನು ಅದರಲ್ಲೇ ನಡೆಸುವ ತಮ್ಮದೇ ನಕ್ಷೆ ಸಿದ್ಧಪಡಿಸಿದರು. 2014ರಲ್ಲಿ ಅದಕ್ಕೆ ಅದೇ ನಗರಸಭೆಯಿಂದ ಒಪ್ಪಿಗೆಯನ್ನೂ ಪಡೆದರು. ಕಂಪನಿ ಹೊರಟುಹೋದ ದಿನ ಜಾಗ ಬರಿದಾಗಿ ಉಳಿಯಲಿಲ್ಲ. ಜನರ ನಕ್ಷೆ ಮೇಜಿನ ಮೇಲಿತ್ತು. ನನ್ನ ಅಭಿಪ್ರಾಯದಲ್ಲಿ ಈ ಹೋರಾಟದ ತಿರುಳು ಇದೇ. ಬೇಡ ಎನ್ನುವವನ ಕೈಯಲ್ಲಿ ಬೇಕು ಎನ್ನುವುದರ ಪಟ್ಟಿಯೂ ಇರಬೇಕು.

ಗೆಲುವು ಅಗ್ಗವಾಗಿ ಬರಲಿಲ್ಲವೆಂಬುದನ್ನೂ ಮರೆಯಬಾರದು. 2020ರಲ್ಲಿ ಕೊರೋನಾ ಕಾಲದಲ್ಲಿ ಮುಚ್ಚಿದ ಮಾರುಕಟ್ಟೆಯ ಬಾಗಿಲು, ಕಂಪನಿ ಹಿಂದೆ ಸರಿದಾಗಲೂ ತೆರೆದಿರಲಿಲ್ಲ. ಕೋರ್ಟು ಕಚೇರಿ ಅಲೆದವರೇ ಸಂಪಾದನೆಯಿಲ್ಲದೆ ಕುಳಿತರು. ಸಂಘ ಕಟ್ಟಿದವರಿಗೆ ಈ ಕಷ್ಟ ಗೊತ್ತು. ಆದ್ದರಿಂದಲೇ ಅಂಥ ಹೊತ್ತಿನಲ್ಲಿ ಒಬ್ಬರ ಒಲೆ ಆರದಂತೆ ಉಳಿದವರು ನೋಡಿಕೊಳ್ಳಬೇಕು.

ಇನ್ನು ನಮ್ಮ ಕಡೆಗೆ ಬರೋಣ. ಊಟಿಯ ಮುನಿಸಿಪಲ್ ಮಾರುಕಟ್ಟೆಯಲ್ಲಿ 2021ರಲ್ಲಿ ಬಾಡಿಗೆ ಬಾಕಿಗಾಗಿ ನೂರಾರು ಅಂಗಡಿಗಳಿಗೆ ಬೀಗ ಬಿತ್ತು. ಆಮೇಲೆ ಹಳೆಯ ಅಂಗಡಿಗಳನ್ನು ಕೆಡವಿ ಹೊಸದಾಗಿ ಕಟ್ಟುವ ಕೆಲಸವೂ ಬಂತು. ಇದು ವ್ಯಾಪಾರಿಗಳ ಪಾಡು, ನಮಗೇನು ಎಂದು ತೋಟದವರು ಹೇಳುವಂತಿಲ್ಲ. ವಾರದ ಕೂಲಿ ಹಿಡಿದು ಅಕ್ಕಿ, ಬೇಳೆ, ಒಣಮೀನು ಕೊಳ್ಳುವವರು ನಾವು. ಕೈಯಲ್ಲಿ ಕಾಸಿಲ್ಲದಾಗ ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡು ಸಾಮಾನು ಕೊಡುವವನು ಹಳೆಯ ಅಂಗಡಿಯವನು. ಗಾಜಿನ ಬಾಗಿಲಿನ ಅಂಗಡಿಯಲ್ಲಿ ಕಡ ಸಿಗುವುದೇ?

ಆದ್ದರಿಂದ ಪಟ್ಟಣದ ಮಾರುಕಟ್ಟೆಯ ಬಗ್ಗೆ ಯೋಜನೆ ಬಂದಾಗ ಮೂರು ಕೆಲಸ ಮಾಡೋಣ. ಮೊದಲನೆಯದಾಗಿ, ಗೋಡೆ ಕೆಡವುವ ಯಂತ್ರ ಬರುವ ತನಕ ಕಾಯದೆ, ಕಾಗದದಲ್ಲಿರುವಾಗಲೇ ನಕ್ಷೆಯನ್ನೂ ಬಾಡಿಗೆಯ ವಿವರವನ್ನೂ ಕೇಳಿ ಪಡೆಯೋಣ. ನಮಗೆ ತಿಳಿಯುವ ಭಾಷೆಯಲ್ಲಿ ಓದಿಸಿಕೊಳ್ಳೋಣ. ಎರಡನೆಯದಾಗಿ, ವ್ಯಾಪಾರಿ, ಹಮಾಲಿ, ಕೊಳ್ಳುವವರು ಬೇರೆ ಬೇರೆ ಮನವಿ ಕೊಡದೆ ಒಂದೇ ಮನವಿಗೆ ರುಜು ಹಾಕೋಣ. ಮೂರನೆಯದಾಗಿ, ಮಳೆ ಸೋರದ ಮಾಡು, ನೀರು, ಹೆಂಗಸರಿಗೆ ಕಕ್ಕಸು, ಕೈಗೆಟಕುವ ಬಾಡಿಗೆ ಎಂದು ನಮಗೆ ಬೇಕಾದುದನ್ನು ಸ್ಪಷ್ಟವಾಗಿ ಬರೆದು ಕೊಡೋಣ.

ಊರು ಬೆಳೆಯಲಿ, ಬೇಡವೆನ್ನುವವರು ಯಾರೂ ಇಲ್ಲ. ಅದನ್ನು ಬೆಳೆಸಿದವರಿಗೂ ಅದರಲ್ಲಿ ನಿಲ್ಲಲು ಜಾಗವಿರಲಿ.